ಓಡಲು ಆಗದ ಆರು ವಾರ ಸೈಕಲ್ ತುಳಿದರೆ ಸ್ಟ್ಯಾಮಿನಾ ಉಳಿಯುತ್ತಾ?

ಕಣಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿದೆ, ಆರು ವಾರ ಓಡಬೇಡಿ, ಬೇಕಿದ್ದರೆ ಸೈಕಲ್ ತುಳಿಯಿರಿ ಎಂದು ಡಾಕ್ಟರ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ಆ ಬೇಜಾರು ನನಗೆ ಚೆನ್ನಾಗಿ ಗೊತ್ತು. ಸ್ಟ್ಯಾಮಿನಾ ಖಂಡಿತ ಉಳಿಯುತ್ತದೆ. ಆದರೆ ಏದುಸಿರು ಬರುವ ಹಾಗೆ ತುಳಿಯಬೇಕು.

ಮೊದಲ ವಾರ ನಾನು ಮೈಸೂರಿನ ರಿಂಗ್ ರೋಡಿನಲ್ಲಿ ದಿನಾ ಒಂದು ಗಂಟೆ ತುಳಿದೆ. ತೊಡೆ ಉರಿಯುತ್ತಿತ್ತು, ಉಸಿರು ಮಾತ್ರ ಆರಾಮಾಗಿತ್ತು. ಸೈಕಲ್ ಮೇಲೆ ಮೈಭಾರ ಸೀಟು ಹೊರುತ್ತದೆ, ಕೆಲಸವೆಲ್ಲ ತೊಡೆಗೆ ಬೀಳುತ್ತದೆ. ಹಾಗಾಗಿ ಓಡುವಾಗಿನಷ್ಟು ಎದೆಬಡಿತ ಸುಲಭಕ್ಕೆ ಏರುವುದಿಲ್ಲ. ವಾಚಿನ ನಂಬರ್ ಬಿಡಿ, ಉಸಿರು ನೋಡಿ. ಜೋರಾಗಿ ತುಳಿಯುವಾಗ ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡಲು ಆಗಬಾರದು.

ಗೇರ್ ಹಗುರ ಇರಲಿ. 15 ಸೆಕೆಂಡಿನಲ್ಲಿ ಬಲ ಮೊಣಕಾಲು ಎಷ್ಟು ಸಲ ಮೇಲೆ ಬರುತ್ತದೆ ಎಣಿಸಿ. 20ರಿಂದ 22 ಬಂದರೆ ಸರಿ. ಸೀಟಿನ ಎತ್ತರವನ್ನೂ ಇವತ್ತೇ ನೋಡಿಕೊಳ್ಳಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಸೀಟು ತಗ್ಗಿದ್ದರೆ ಮೂಳೆ ಕೂಡುವಷ್ಟರಲ್ಲಿ ಮೊಣಕಾಲು ನೋವು ಶುರುವಾಗುತ್ತದೆ.

ನಾನು ಮಂಗಳವಾರ, ಶುಕ್ರವಾರ ಮೂರು ನಿಮಿಷ ಜೋರು, ಎರಡು ನಿಮಿಷ ನಿಧಾನ ಅಂತ ಆರು ಸಲ ಮಾಡುತ್ತಿದ್ದೆ. ಭಾನುವಾರ ಎರಡು ಗಂಟೆ ಸಲೀಸಾಗಿ. ಉಳಿದ ದಿನಗಳಲ್ಲಿ ಒಂದೆರಡು ದಿನ ಹಗುರವಾಗಿ, ಒಂದು ದಿನ ಪೂರ್ತಿ ರಜೆ. ನಾಲ್ಕನೇ ವಾರದ ಹೊತ್ತಿಗೆ ಚಾಮುಂಡಿ ಬೆಟ್ಟ ಹತ್ತಿದೆ, ಸೀಟಿನಿಂದ ಏಳದೆ. ಎದ್ದು ನಿಂತು ತುಳಿದರೆ ಭಾರವೆಲ್ಲ ಕಣಕಾಲಿಗೆ ಬರುತ್ತದೆ. ತುಳಿಯುವಾಗ ಆ ಜಾಗದಲ್ಲೇ ನೋವು ಬಂದರೆ ಅಲ್ಲೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಈಗ ನನಗೆ ಯಾರೂ ಹೇಳದಿದ್ದ ಮಾತು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಆ ಪೆಟ್ಟಿಗೆ ಒಗ್ಗಿಕೊಂಡೇ ಮೂಳೆ ಗಟ್ಟಿಯಾಗುವುದು. ಸೈಕಲ್‌ನಲ್ಲಿ ಅದು ಸಿಗುವುದೇ ಇಲ್ಲ. ಆರು ವಾರ ಆದ ಮೇಲೆ ಎದೆ ಹತ್ತು ಕಿಲೋಮೀಟರಿಗೆ ತಯಾರಾಗಿರುತ್ತದೆ, ಕಾಲು ಒಂದಕ್ಕೂ ತಯಾರಾಗಿರುವುದಿಲ್ಲ. ಡಾಕ್ಟರ್ ಸರಿ ಅಂದ ಮಾರನೇ ದಿನವೇ ನಾನು ಕುಕ್ಕರಹಳ್ಳಿ ಕೆರೆ ಸುತ್ತ ಐದು ಕಿಲೋಮೀಟರ್ ಓಡಿಬಿಟ್ಟೆ. ಉಸಿರು ಎಷ್ಟು ಹಗುರ ಇತ್ತು ಅಂದರೆ ಕಣ್ಣಲ್ಲಿ ನೀರು ಬಂತು. ಎರಡು ದಿನಕ್ಕೆ ನೋವು ವಾಪಸ್. ಇನ್ನೂ ಮೂರು ವಾರ ಹೋಯಿತು.

ದಯವಿಟ್ಟು ನೀವು ಹಾಗೆ ಮಾಡಬೇಡಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ. ದಿನ ಬಿಟ್ಟು ದಿನ ಮಾಡಿ. ಮಧ್ಯದ ದಿನ ಸೈಕಲ್ ಇರಲಿ. ಓಡಿದ ಮಾರನೇ ಬೆಳಿಗ್ಗೆ ಹಾಸಿಗೆಯಲ್ಲೇ ಕೂತು ಆ ಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲಾದರೂ ಒಂದೇ ಕಡೆ ಚುಳ್ ಅಂದರೆ ಮತ್ತೆ ಓಡಬೇಡಿ, ಮೊದಲು ತೋರಿಸಿಕೊಂಡು ಬನ್ನಿ.