ಪಿ0101 ಬಂತು ಅಂತ ಸೆನ್ಸರ್ ಬದಲಾಯಿಸೋಕೆ ಮುಂಚೆ

ಚೆಕ್ ಎಂಜಿನ್ ಲೈಟ್ ಬಂದು ಸ್ಕ್ಯಾನರ್‌ನಲ್ಲಿ ಪಿ0101 ಅನ್ನೋ ದೋಷದ ಕೋಡ್ ತೋರಿಸ್ತಿದೆ, ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗುತ್ತೆ, ಹೊಸ ಏರ್‌ಫ್ಲೋ ಸೆನ್ಸರ್ (ಎಂಜಿನ್‌ಗೆ ಹೋಗೋ ಗಾಳಿ ಅಳೆಯೋದು) ಹಾಕಿಸ್ಲಾ ಅಂತ ಕೇಳಿದೀರ. ದಯವಿಟ್ಟು ಈಗಲೇ ಹಾಕಿಸ್ಬೇಡಿ. ಆ ಕೋಡ್ ಅಂದ್ರೆ ಸೆನ್ಸರ್ ಸತ್ತಿದೆ ಅಂತಲ್ಲ, ಅದು ಕೊಡ್ತಿರೋ ರೀಡಿಂಗು ಎಂಜಿನ್ ನಡೀತಿರೋ ರೀತಿಗೆ ತಾಳೆ ಆಗ್ತಿಲ್ಲ ಅಂತ ಅಷ್ಟೇ. ಸೆನ್ಸರ್ ಸಿಗ್ನಲ್ ತೀರಾ ಕಮ್ಮಿ ಅಥವಾ ತೀರಾ ಜಾಸ್ತಿ ಅನ್ನೋ ಪಿ0102 ಅಥವಾ ಪಿ0103 ಬಂದಿದ್ರೆ ನಾನೂ ಮೊದಲು ವೈರು, ಕನೆಕ್ಟರ್ ನೋಡಿ ಅಂತಿದ್ದೆ.

ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಸೆನ್ಸರ್‌ನಿಂದ ಥ್ರಾಟಲ್ ಬಾಡಿವರೆಗೂ (ಎಂಜಿನ್‌ಗೆ ಎಷ್ಟು ಗಾಳಿ ಬಿಡ್ಬೇಕು ಅಂತ ನಿಯಂತ್ರಿಸೋ ಭಾಗ) ಹೋಗೋ ರಬ್ಬರ್ ಪೈಪನ್ನ ಕೈಯಲ್ಲಿ ಬಗ್ಗಿಸಿ ಮಡಿಕೆ ಮಡಿಕೆನೂ ಬಿಡಿಸಿ ನೋಡಿ, ಬಿರುಕು ಹೆಚ್ಚಾಗಿ ಮಡಿಕೆ ಒಳಗೇ ಅಡಗಿರುತ್ತೆ, ಮೇಲಿಂದ ನೋಡಿದ್ರೆ ಹೊಸದರ ಥರನೇ ಕಾಣುತ್ತೆ. ಅಲ್ಲಿಂದ ನುಗ್ಗೋ ಗಾಳಿ ಸೆನ್ಸರ್ ಲೆಕ್ಕಕ್ಕೆ ಸಿಗಲ್ಲ. ನಂದೂ ಹಿಂಗೇ ಆಗಿತ್ತು, ಸೆನ್ಸರ್ ಬದಲಾಯಿಸಿದ್ಮೇಲೂ ಅದೇ ಕೋಡ್ ಬಂತು, ಕೊನೆಗೆ ನೋಡಿದ್ರೆ ಪೈಪ್ ಕೆಳಭಾಗದಲ್ಲಿ ಉಗುರು ತೂರೋವಷ್ಟು ಸೀಳು!

ಪೈಪ್ ಸರಿ ಇದ್ರೆ ಎಂಜಿನ್ ಬಿಸಿ ಮಾಡಿ ಎಸಿ ಆಫ್ ಮಾಡಿ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ, ಅಂದ್ರೆ ಸೆನ್ಸರ್ ಆ ಕ್ಷಣ ಕೊಡ್ತಿರೋ ರೀಡಿಂಗ್ ನೋಡಿ. ಪೆಟ್ರೋಲ್ ಗಾಡಿ ಐಡಲ್‌ನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡ್ತಿರುವಾಗ) ಎಂಜಿನ್ ಎಷ್ಟು ಲೀಟರೋ ಸುಮಾರು ಅಷ್ಟು ಗ್ರಾಂ ಗಾಳಿ ಸೆಕೆಂಡಿಗೆ ಬರ್ಬೇಕು, 1.5 ಲೀಟರ್‌ಗೆ 1.5ರಿಂದ 2ರ ಆಸುಪಾಸು. ತುಂಬಾ ಕಮ್ಮಿ ಇದ್ರೆ ಸೆನ್ಸರ್ ಬಿಚ್ಚಿ ಏರ್‌ಫ್ಲೋ ಸೆನ್ಸರ್‌ಗೆ ಅಂತಲೇ ಸಿಗೋ ಸ್ಪ್ರೇ ಹೊಡೀರಿ. ಬ್ರೇಕ್ ಕ್ಲೀನರ್ ಬೇಡ, ಬಟ್ಟೆ, ಬ್ರಷ್ ಅಂತೂ ಮುಟ್ಟಿಸ್ಲೇಬೇಡಿ, ಒಳಗಿರೋ ತಂತಿ ಕೂದಲಿನಷ್ಟು ತೆಳು. ಪೂರ್ತಿ ಒಣಗಿದ್ಮೇಲೆ ಹಾಕಿ ಕೋಡ್ ಅಳಿಸಿ, ಒಂದೆರಡು ದಿನ ಓಡಿಸಿ ಮತ್ತೆ ಬರುತ್ತಾ ನೋಡಿ.