ಹಸಿರಾಗಿ ಹೊಳೆದದ್ದೆಲ್ಲ ಪೆರಾಕ್ಸೈಡ್ ಅಲ್ಲ

ಪ್ರಶ್ನೆ: ಮೇಡಂ, ನಾನು ಎಂ.ಎಸ್‌ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಕೋಶಗಳಿಗೆ ಒಂದು ಔಷಧಿ ಕೊಟ್ಟು, ಡಿಸಿಎಫ್‌ಎಚ್-ಡಿಎ ಎಂಬ, ಆಕ್ಸಿಡೈಸ್ ಆದರೆ ಹೊಳೆಯುವ ಡೈ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದೆ. ಔಷಧಿ ಕೊಟ್ಟ ಕೋಶಗಳು ಜಾಸ್ತಿ ಹಸಿರಾಗಿ ಹೊಳೆದವು. ‘ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾಯಿತು’ ಅಂತ ಬರೆಯಬಹುದಾ? ಏನೂ ಕೊಡದ ಕಂಟ್ರೋಲ್ ಕೋಶಗಳೂ ನೋಡ್ತಾ ನೋಡ್ತಾ ಹೊಳೆಯತೊಡಗಿದವು. ಅದ್ಯಾಕೆ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಕಂಟ್ರೋಲ್ ಕೋಶಗಳು ಹೊಳೆದದ್ದನ್ನು ಗಮನಿಸಿದ್ದೀರಿ, ಅದು ನನಗೆ ತುಂಬ ಖುಷಿ ಕೊಟ್ಟಿತು. ಅಲ್ಲಿಂದಲೇ ಶುರು ಮಾಡೋಣ.

ಈ ಡೈ ತಾನಾಗಿ ಹೊಳೆಯುವುದಿಲ್ಲ. ಅದಕ್ಕೆ ಅಂಟಿಕೊಂಡಿರುವ ಎರಡು ಅಸಿಟೇಟ್ ಗುಂಪುಗಳಿಂದಾಗಿ ಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಎಸ್ಟರೇಸ್ ಕಿಣ್ವಗಳು ಆ ಗುಂಪುಗಳನ್ನು ಕತ್ತರಿಸಿ ಹಾಕುತ್ತವೆ. ಉಳಿಯುವ ಡಿಸಿಎಫ್‌ಎಚ್ ಆಕ್ಸಿಡೈಸ್ ಆಗಿ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು, ಡಿಸಿಎಫ್ ಆದಾಗ ಮಾತ್ರ, 488 ನ್ಯಾನೊಮೀಟರಿನ ನೀಲಿ ಬೆಳಕು ಬಿದ್ದರೆ 525ರ ಆಸುಪಾಸಿನ ಹಸಿರು ಬೆಳಕು ಬರುತ್ತದೆ. ತೊಂದರೆ ಏನೆಂದರೆ, ನೀವು ನೋಡಲು ಬಿಟ್ಟ ಆ ನೀಲಿ ಬೆಳಕೇ ಡೈಯನ್ನು ಆಕ್ಸಿಡೈಸ್ ಮಾಡಬಲ್ಲದು. ಅಷ್ಟೇ ಅಲ್ಲ, ಆಕ್ಸಿಡೈಸ್ ಆಗುವ ದಾರಿಯಲ್ಲಿ ಡೈ ಒಂಟಿ ಎಲೆಕ್ಟ್ರಾನ್ ಇರುವ ಒಂದು ರ್‍ಯಾಡಿಕಲ್ ಆಗುತ್ತದೆ. ಅದು ಆಮ್ಲಜನಕಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು ಸೂಪರಾಕ್ಸೈಡ್ ಮಾಡುತ್ತದೆ, ಅದರಿಂದ ಪೆರಾಕ್ಸೈಡ್ ಹುಟ್ಟುತ್ತದೆ. ಅಳೆಯಬೇಕಾದ ವಸ್ತುವನ್ನು ಡೈಯೇ ತಯಾರಿಸಿದ ಹಾಗಾಯಿತು, ಅಲ್ವಾ? ಲ್ಯಾಂಪ್ ತಗ್ಗಿಸಿ, ಎಕ್ಸ್‌ಪೋಷರ್ ಕಡಿಮೆ ಮಾಡಿ, ಎಲ್ಲ ಡಿಶ್‌ಗಳಿಗೂ ಒಂದೇ ಸಮಯ ಕೊಡಿ.

ಈಗ ನಿಮ್ಮ ಮೊದಲ ಪ್ರಶ್ನೆ. ನನ್ನ ಹತ್ತಿರ ಕಲಿಯಲು ಬರುವವರಿಗೆ ಕೋಶ ಮುಟ್ಟುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿಸುತ್ತೇನೆ. ಡೈಗೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಅಸಿಟೇಟ್ ಕಳಚಬೇಕು. ಬಫರ್ ಹಾಕಿ ಪಿಎಚ್ ಸರಿ ಮಾಡಿ ಎರಡು ಟ್ಯೂಬಿಗೆ ಹಂಚಬೇಕು. ಒಂದಕ್ಕೆ ಬರೀ ಹೈಡ್ರೋಜನ್ ಪೆರಾಕ್ಸೈಡ್. ಇನ್ನೊಂದಕ್ಕೆ ಅಷ್ಟೇ ಪೆರಾಕ್ಸೈಡ್, ಜೊತೆಗೆ ಚೂರು ಪೆರಾಕ್ಸಿಡೇಸ್ ಕಿಣ್ವ. ಎರಡನೆಯದು ಕಣ್ಣೆದುರೇ ಹಸಿರಾಗುತ್ತದೆ, ಮೊದಲನೆಯದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಂದರೆ ಪೆರಾಕ್ಸೈಡ್ ಒಂದೇ ಈ ಡೈಯನ್ನು ಹೊಳೆಸುವುದಿಲ್ಲ. ಪೆರಾಕ್ಸಿಡೇಸ್, ಕಬ್ಬಿಣ ಅಥವಾ ಸೈಟೋಕ್ರೋಮ್ ಸಿ ಥರದ ಮಧ್ಯವರ್ತಿ ಬೇಕು. ನಿಮ್ಮ ಔಷಧಿ ಕೋಶವನ್ನು ಸಾವಿನ ಕಡೆ ತಳ್ಳುತ್ತಿದ್ದರೆ ಮೈಟೊಕಾಂಡ್ರಿಯದಿಂದ ಸೈಟೋಕ್ರೋಮ್ ಸಿ ಹೊರಗೆ ಸೋರುತ್ತದೆ. ಆಗ ಪೆರಾಕ್ಸೈಡ್ ಒಂದು ಕಣವೂ ಹೆಚ್ಚದಿದ್ದರೂ ಹಸಿರು ಏರಬಹುದು.

ಔಷಧಿಯನ್ನೂ ಅನುಮಾನಿಸಿ. ಕರ್ಕ್ಯುಮಿನ್ ಥರದ್ದಾದರೆ ಅದೇ ಹಸಿರಾಗಿ ಹೊಳೆಯುತ್ತದೆ. ಡೈ ಇಲ್ಲದೆ ಔಷಧಿ ಮಾತ್ರ ಕೊಟ್ಟ ಒಂದು ಡಿಶ್ ಇಡಲೇಬೇಕು.

ಪೆರಾಕ್ಸೈಡನ್ನೇ ಹಿಡಿಯಬೇಕಾದರೆ ಬೇರೆ ಪ್ರೋಬ್ (ಪತ್ತೆಹಚ್ಚುವ ವಸ್ತು) ಬೇಕು. ಬೋರೊನೇಟ್ ಪ್ರೋಬ್‌ಗಳಿವೆ. ಪೆರಾಕ್ಸೈಡ್ ಅವುಗಳ ಬೋರಾನ್ ಭಾಗವನ್ನು ಕಳಚಿದಾಗ ಹೊಳಪು ಬರುತ್ತದೆ. ಆದರೆ ನೈಟ್ರಿಕ್ ಆಕ್ಸೈಡ್ ಮತ್ತು ಸೂಪರಾಕ್ಸೈಡ್ ಸೇರಿ ಆಗುವ ಪೆರಾಕ್ಸಿನೈಟ್ರೈಟ್ ಅದೇ ಕೆಲಸವನ್ನು ಸುಮಾರು ಹತ್ತು ಲಕ್ಷ ಪಟ್ಟು ವೇಗವಾಗಿ ಮಾಡುತ್ತದೆ. ಹಾಗಾಗಿ ನೈಟ್ರಿಕ್ ಆಕ್ಸೈಡ್ ತಯಾರಿಯನ್ನು ತಡೆದೂ ನೋಡಬೇಕು. ಕೋಶಕ್ಕೆ ಜೀನ್ ಹಾಕುವ ಸೌಕರ್ಯ ನಿಮ್ಮಲ್ಲಿದ್ದರೆ ನನ್ನ ಆಯ್ಕೆ ಆರ್‌ಒಜಿಎಫ್‌ಪಿ2-ಒಆರ್‌ಪಿ1. 2009ರಲ್ಲಿ ಬಂದದ್ದು, ಕೋಶ ತಾನೇ ತಯಾರಿಸಿಕೊಳ್ಳುವ ಪ್ರೋಟೀನ್. ಎರಡು ಬೆಳಕಿನಲ್ಲಿ ನೋಡಿ ಅನುಪಾತ ತೆಗೆಯುತ್ತೇವೆ, ಆದ್ದರಿಂದ ಒಂದು ಕೋಶದಲ್ಲಿ ಪ್ರೋಬ್ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಎಂಬ ಗೊಂದಲ ಇರುವುದಿಲ್ಲ. 2006ರ ಹೈಪರ್ ಎಂಬ ಇಂಥದೇ ಪ್ರೋಟೀನ್ ಪ್ರೋಬ್ ಕೂಡ ಒಳ್ಳೆಯದೇ, ಆದರೆ ಪಿಎಚ್ ಬದಲಾದರೂ ಅದು ಬದಲಾಗುತ್ತದೆ. ಪಕ್ಕದಲ್ಲಿ ಪಿಎಚ್ ಬದಲಾವಣೆಯನ್ನು ಮಾತ್ರ ತೋರಿಸುವ ಸಿಫರ್ ಎಂಬ ಜೋಡಿ ಕಂಟ್ರೋಲ್ ಇಡಬೇಕು.

ಯಾರಾದರೂ ‘ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಹಾಕು, ಹಸಿರು ಇಳಿದರೆ ಸಾಬೀತಾಯ್ತು’ ಎಂದರೆ ಒಪ್ಪಬೇಡಿ. ಅದು ಪೆರಾಕ್ಸೈಡ್ ಜೊತೆ ಬಹಳ ನಿಧಾನವಾಗಿ ವರ್ತಿಸುತ್ತದೆ, ಬೇರೆ ದಾರಿಗಳಿಂದಲೂ ಕೋಶವನ್ನು ಬದಲಿಸುತ್ತದೆ. ಈ ಕ್ಷೇತ್ರದ ಹಲವರು ಸೇರಿ 2022ರಲ್ಲಿ ನೇಚರ್ ಮೆಟಬಾಲಿಸಂ ಪತ್ರಿಕೆಯಲ್ಲಿ ಅಳತೆಯ ಮಾರ್ಗಸೂಚಿ ಬರೆದಿದ್ದಾರೆ. ಗೈಡ್ ಜೊತೆ ಕೂತು ಓದಿ. ಸದ್ಯಕ್ಕೆ ‘ಡಿಸಿಎಫ್ ಹೊಳಪು ಹೆಚ್ಚಾಯಿತು’ ಎಂದಷ್ಟೇ ಬರೆಯಿರಿ. ಅದು ನೀವು ನಿಜಕ್ಕೂ ಕಂಡದ್ದು.

ಪ್ರಶ್ನೆ: ಮೈಟೊಕಾಂಡ್ರಿಯಕ್ಕೆ ಹೋಗಿ ಸೇರುವ ಮೈಟೊಸಾಕ್ಸ್ ಡೈ ಕೆಂಪಾದರೆ ಸೂಪರಾಕ್ಸೈಡ್ ಇದೆ ಎಂದು ಖಚಿತವಾಗಿ ಹೇಳಬಹುದೇ?

ಉತ್ತರ: ಇಲ್ಲ. ಸೂಪರಾಕ್ಸೈಡಿನಿಂದ ಒಂದು ಕೆಂಪು ವಸ್ತು ಬರುತ್ತದೆ, ಬೇರೆ ಆಕ್ಸಿಡೈಸರ್‌ಗಳಿಂದ ಇನ್ನೊಂದು. ಎರಡರ ಬಣ್ಣ ಒಂದರ ಮೇಲೊಂದು ಬೀಳುವುದರಿಂದ ಮೈಕ್ರೊಸ್ಕೋಪಿನಲ್ಲಿ ಬೇರ್ಪಡಿಸುವುದು ಕಷ್ಟ. ಎಚ್‌ಪಿಎಲ್‌ಸಿ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಮಾಡಿಸಿ. ಡೈ ಜಾಸ್ತಿ ಹಾಕಿದರೆ ಮೈಟೊಕಾಂಡ್ರಿಯದ ಕೆಲಸವೇ ಕೆಡುತ್ತದೆ. ಕೆಂಪು ನ್ಯೂಕ್ಲಿಯಸ್‌ನಲ್ಲಿ ಕಂಡರೆ ಡೈ ಅಲ್ಲಿಗೂ ಸೋರಿದೆ ಎಂದರ್ಥ, ಡೋಸ್ ಇಳಿಸಿ, ಹೊಸ ಡಿಶ್ ತಗೊಳ್ಳಿ.