ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರಿಗೆ ಹೆಡರ್, ಎಕ್ಸಾಸ್ಟ್ ಬದಲಿಸಿದರೆ ಏನಾದರೂ ಪ್ರಯೋಜನ ಇದೆಯಾ?

ಹೆಡರ್ (ಇಂಜಿನ್‌ನಿಂದ ಹೊಗೆ ಹೊರತರುವ ಕೊಳವೆಗಳ ಗುಂಪು) ಮೊದಲು, ಸೈಲೆನ್ಸರ್ ಕೊನೆಗೆ. ಮಧ್ಯೆ ಟ್ಯೂನಿಂಗ್, ಅಂದರೆ ಇಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸುವುದು. ಇಷ್ಟು ಓದಿ ಎದ್ದು ಹೋದರೂ ನಿಮಗೆ ನಷ್ಟ ಇಲ್ಲ.

ನಿಮ್ಮದು ಟೊಯೊಟಾ 86, ಹಳೆಯ 2 ಲೀಟರ್ ಇಂಜಿನ್, 6 ಸ್ಪೀಡ್ ಆಟೋಮ್ಯಾಟಿಕ್. ಈಗ ಸೈಲೆನ್ಸರ್ ಬದಲಿಸಿ, ದುಡ್ಡು ಕೂಡಿದ ಮೇಲೆ ಹೆಡರ್ ಹಾಕಿಸೋಣ ಅಂತಿದ್ದೀರಿ. ಗೇರ್‌ಬಾಕ್ಸ್ ತಡೆಯುತ್ತದಾ, ಟ್ಯೂನಿಂಗ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಆಟೋಮ್ಯಾಟಿಕ್‌ಗೆ ಯಾಕಯ್ಯಾ ಈ ಖರ್ಚು ಅಂತ ಗೆಳೆಯರು ನಗುತ್ತಾರಂತೆ. ನನ್ನದೂ ಅದೇ ಕಾರು, ಅದೇ ಗೇರ್‌ಬಾಕ್ಸ್. ನೀವು ಬರೆದ ಕ್ರಮದಲ್ಲೇ ನಾನೂ ಮಾಡಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಈ ಇಂಜಿನ್‌ನ ರೋಗ ಏನು ಅಂತ ನೋಡಿ. ಕಂಪನಿ ಹೇಳುವ 205 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಿಗುವುದು 6,400 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದ ಮೇಲೆ. ಅದರ ಕೆಳಗೆ, ಹೆಚ್ಚುಕಡಿಮೆ 3,500ರಿಂದ 4,500ರವರೆಗೆ, ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಗ್ರಾಫಿನಲ್ಲಿ ಒಂದು ಹಳ್ಳ ಇದೆ. ಏರುತ್ತಾ ಬಂದ ಗೆರೆ ಅಲ್ಲಿ ಕುಸಿದು, ಆಮೇಲೆ ಮತ್ತೆ ಏರುತ್ತದೆ. ಈ ಕಾರು ಓಡಿಸುವವರೆಲ್ಲ ಅದನ್ನು ಬೈದೇ ಇರುತ್ತಾರೆ. ಮ್ಯಾನುಯಲ್ ಇದ್ದವರು ಒಂದು ಗೇರ್ ಇಳಿಸಿ ಹಳ್ಳ ದಾಟಿಕೊಳ್ಳುತ್ತಾರೆ. ನಮ್ಮ ಪಾಡು ಬೇರೆ.

ಹೇಗೆ ಅಂತ ಲೆಕ್ಕ ಹಾಕಿ. ಆಟೋಮ್ಯಾಟಿಕ್‌ನ 6ನೇ ಗೇರ್ ಅನುಪಾತ 0.582, ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್) 4.1. ಕಂಪನಿಯ 17 ಇಂಚಿನ ಚಕ್ರದಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಇಂಜಿನ್ ಸುಮಾರು 2,000 ಆರ್‌ಪಿಎಂನಲ್ಲಿ ತಣ್ಣಗೆ ಮಲಗಿರುತ್ತದೆ. ಮುಂದಿನ ಲಾರಿ ದಾಟೋಣ ಅಂತ ಪೆಡಲ್ ಒತ್ತುತ್ತೀರಿ. ಗೇರ್‌ಬಾಕ್ಸ್ ಒಂದು ಕ್ಷಣ ಯೋಚಿಸಿ 4ಕ್ಕೆ ಇಳಿಯುತ್ತದೆ. 4ನೇ ಗೇರ್ ಅನುಪಾತ 1. ಅಂದರೆ ಸುಮಾರು 3,500 ಆರ್‌ಪಿಎಂ. ಹಳ್ಳದ ದಡಕ್ಕೇ ತಂದು ನಿಲ್ಲಿಸಿತು ನೋಡಿ. ಸದ್ದು ಏರುತ್ತದೆ, ಕಾರು ಮಾತ್ರ ಹೊರಡುವುದಿಲ್ಲ. ಇನ್ನೂ ಒತ್ತಿದರೆ 3ಕ್ಕೆ ಇಳಿದು ಸುಮಾರು 4,900ಕ್ಕೆ ಹಾರುತ್ತದೆ, ಆಗ ನಿಜವಾದ ಪಿಕಪ್ ಬರುತ್ತದೆ. ಅಷ್ಟರಲ್ಲಿ ದಾಟುವ ಜಾಗ ಮುಗಿದಿರುತ್ತದೆ. ಆಟೋಮ್ಯಾಟಿಕ್ 86 ಮಂದ ಅಂತ ಜನ ಹೇಳುತ್ತಾರಲ್ಲ, ಅದರಲ್ಲಿ ಅರ್ಧ ಗೇರ್‌ಬಾಕ್ಸ್‌ನ ತಪ್ಪಲ್ಲ, ಈ ಹಳ್ಳದ್ದು.

ಈ ಹಳ್ಳ ತುಂಬುವುದು ಹೆಡರ್ ಮತ್ತು ಟ್ಯೂನಿಂಗ್ ಸೇರಿ. ಸೈಲೆನ್ಸರ್ ಅಲ್ಲ.

ಇನ್ನು ನಾನು ಮಾಡಿದ್ದು. ಮೊದಲಿಗೆ ಹಿಂದಿನ ಸೈಲೆನ್ಸರ್ ತೆಗೆಸಿ, ಎರಡು ದಪ್ಪ ಬಾಯಿಯ, ಒಳಗೆ ನೇರ ಕೊಳವೆ ಇರುವ ಒಂದನ್ನು ಹಾಕಿಸಿದೆ. ವಿಡಿಯೋಗಳಲ್ಲಿ ಕೇಳಿದ್ದೆ, ಅದ್ಭುತ ಸದ್ದು. ಮೊದಲ ದಿನ ಸಂತೋಷ. ಮೂರನೇ ದಿನ ಹೆದ್ದಾರಿಗೆ ಹೋದೆ. 100ರ ಆಸುಪಾಸಿನಲ್ಲಿ ಒಂದು ಗುಂಯ್ ಅನ್ನುವ ಸದ್ದು ತಲೆಬುರುಡೆಯೊಳಗೇ ಕೂತುಬಿಟ್ಟಿತು. ಪಕ್ಕದಲ್ಲಿ ಕೂತವರ ಮಾತು ಕೇಳುತ್ತದೆ, ಅರ್ಥ ಆಗುವುದಿಲ್ಲ. ಎರಡು ಗಂಟೆ ಓಡಿಸಿ ಇಳಿದಾಗ ತಲೆ ಚಿಟ್ಟು ಹಿಡಿದಿತ್ತು. ಪಿಕಪ್ ಒಂದಿಷ್ಟೂ ಬದಲಾಗಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಸೈಲೆನ್ಸರ್ ಒಂದರಿಂದ ಈ ಇಂಜಿನ್‌ಗೆ ಸಿಗುವ ಶಕ್ತಿ ಡೈನೋದ ಏರುಪೇರಿನೊಳಗೇ ಮುಳುಗಿ ಹೋಗುವಷ್ಟು.

ವಿಡಿಯೋದಲ್ಲಿ ಆ ಗುಂಯ್ ಯಾಕೆ ಇರಲಿಲ್ಲ ಅಂದರೆ, ಅದು ಮ್ಯಾನುಯಲ್ ಕಾರು. ಅದರ 6ನೇ ಗೇರ್ 0.767, ಹಾಗಾಗಿ ಅದೇ 100ರಲ್ಲಿ ಅದು ಸುಮಾರು 2,700 ಆರ್‌ಪಿಎಂ ತಿರುಗುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. 2,700ಕ್ಕೆ ಸೆಕೆಂಡಿಗೆ 90 ಬಡಿತ, 2,000ಕ್ಕೆ ಸುಮಾರು 67. ಒಂದೇ ಸೈಲೆನ್ಸರ್, ಒಂದೇ ವೇಗ, ಎರಡು ಬೇರೆ ಸ್ವರ. ಕಾರಿನ ಒಳಗಿನ ಗಾಳಿ ಯಾವ ಸ್ವರಕ್ಕೆ ತಾಳ ಹಾಕುತ್ತದೋ ಅಲ್ಲಿ ನಿಮ್ಮ ಕಿವಿಗೆ ಕಾಟ. ಅದರ ಮೇಲೆ ಆಟೋಮ್ಯಾಟಿಕ್ ಬೇಗ ಬೇಗ ಮೇಲಿನ ಗೇರಿಗೆ ಹೋಗಿ, ಟಾರ್ಕ್ ಕನ್ವರ್ಟರ್ (ಇಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಎಣ್ಣೆಯ ಮೂಲಕ ಬಲ ದಾಟಿಸುವ ಭಾಗ) ಲಾಕ್ ಮಾಡಿಕೊಂಡು, ಇಂಜಿನ್‌ನ್ನು ಆ ಕೆಳಗಿನ ಆರ್‌ಪಿಎಂನಲ್ಲೇ ಕೂರಿಸುತ್ತದೆ. ಬೇರೆಯವರು ಗುಂಯ್ ಇಲ್ಲ ಅಂದರೆ ಮೊದಲು ಕೇಳಬೇಕಾದದ್ದು ಅವರ ಗೇರ್‌ಬಾಕ್ಸ್ ಯಾವುದು ಅಂತ.

ಇದಕ್ಕೆ ಮದ್ದಿದೆ. ಕೊಳವೆಯ ಪಕ್ಕಕ್ಕೆ, ತುದಿ ಮುಚ್ಚಿದ ಇನ್ನೊಂದು ಕೊಳವೆ ಬೆಸುಗೆ ಹಾಕುತ್ತಾರೆ. ಸದ್ದಿನ ಅಲೆ ಅದರೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು, ತಿರುಗಿ ಬಂದು ಮೂಲ ಅಲೆಯನ್ನೇ ಹೊಡೆದು ಹಾಕುತ್ತದೆ. ಅದರ ಉದ್ದ ಅಲೆಯ ಉದ್ದದ ಕಾಲು ಭಾಗ ಇರಬೇಕು. ಬಿಸಿ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 400 ಮೀಟರ್ ಅಂತ ಇಟ್ಟುಕೊಂಡರೆ, 90 ಬಡಿತಕ್ಕೆ ಸುಮಾರು 1.1 ಮೀಟರ್ ಸಾಕು. ನಮ್ಮ 67ಕ್ಕೆ ಒಂದೂವರೆ ಮೀಟರ್ ಬೇಕು. ಅಷ್ಟು ಉದ್ದದ್ದನ್ನು ಕಾರಿನ ಅಡಿಯಲ್ಲಿ ತುರುಕಲು ಜಾಗ ಹುಡುಕುವುದೇ ದೊಡ್ಡ ಕೆಲಸ. ನಾನು ಸುಮ್ನೆ ಅದನ್ನು ಮಾರಿ, ಒಳಗೆ ತಡೆ ಇರುವ ಮೃದು ಸೈಲೆನ್ಸರ್ ಹಾಕಿಕೊಂಡೆ. ಮಧ್ಯದ ರೆಸೊನೇಟರ್ (ಸದ್ದು ತಗ್ಗಿಸುವ ಡಬ್ಬಿ) ತೆಗೆಸಲೇಬೇಡಿ.

ಹೆಡರ್ ವಿಷಯದಲ್ಲೂ ಒಂದು ಸಲ ಎಡವಿದೆ. ಯಾರೋ ಬಳಸಿ ತೆಗೆದದ್ದು ಸಿಕ್ಕಿತು. 4-1, ಅಂದರೆ ನಾಲ್ಕೂ ಕೊಳವೆ ನೇರ ಒಂದೇ ಜಾಗದಲ್ಲಿ ಸೇರುವುದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇಲ್ಲದ್ದು. ಗರಿಷ್ಠ ಶಕ್ತಿ ಜಾಸ್ತಿ ಕೊಡುತ್ತದೆ ಅಂದರು. ಇರಬಹುದು, 7,000ದ ಹತ್ತಿರ. ಆದರೆ ಕೆಳಗಿನ ಎಳೆತ ಇದ್ದದ್ದೂ ಹೋಯಿತು. ನಿಂತಲ್ಲಿಂದ ಹೊರಡುವಾಗ ಅಷ್ಟಾಗಿ ಗೊತ್ತಾಗಲಿಲ್ಲ, ಯಾಕೆಂದರೆ ಆಗ ಟಾರ್ಕ್ ಕನ್ವರ್ಟರ್ ಇಂಜಿನ್‌ನ ಟಾರ್ಕನ್ನು ಎರಡು ಪಟ್ಟಿನ ಹತ್ತಿರಕ್ಕೆ ಏರಿಸಿ ಕೊಟ್ಟು ಮಾನ ಮುಚ್ಚುತ್ತದೆ. ಕನ್ವರ್ಟರ್ ಲಾಕ್ ಆದ ಮೇಲೆ ಬಣ್ಣ ಬಯಲಾಯಿತು. ಸಣ್ಣ ಏರು ಬಂದರೆ ಸಾಕು, 6ರಿಂದ 5, 5ರಿಂದ 4, ಮತ್ತೆ 5, ಮತ್ತೆ 4. ಗೇರ್‌ಬಾಕ್ಸ್ ಹಳೆಯ ಎಳೆತ ಇದೆ ಅಂದುಕೊಂಡು ಗೇರ್ ಏರಿಸುತ್ತದೆ, ಇಂಜಿನ್ ಆಗಲ್ಲ ಅನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಹೆಡರ್ ಕೆಲಸ ಮಾಡುವುದು ಅಲೆಯ ಲೆಕ್ಕದಲ್ಲಿ. ಕವಾಟ ತೆರೆದಾಗ ಹೊಗೆಯ ಒಂದು ಗುದ್ದು ಕೊಳವೆಯಲ್ಲಿ ಓಡುತ್ತದೆ. ಕೊಳವೆಗಳು ಸೇರುವ ಜಾಗ ತಲುಪಿದಾಗ ಒಂದು ಸೆಳೆತದ ಅಲೆ ಹಿಂದಕ್ಕೆ ಬರುತ್ತದೆ. ಕವಾಟ ಮುಚ್ಚುವ ಮುಂಚೆ ಅದು ಬಂದು ಮುಟ್ಟಿದರೆ ಒಳಗೆ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಹೊಸ ಗಾಳಿಗೆ ಜಾಗ ಆಗುತ್ತದೆ. ಕೊಳವೆ ಉದ್ದ ಇದ್ದಷ್ಟೂ ಅಲೆ ತಡವಾಗಿ ಬರುತ್ತದೆ, ಅದು ಕಡಿಮೆ ಆರ್‌ಪಿಎಂಗೆ ಹೊಂದುತ್ತದೆ. 4-2-1ರಲ್ಲಿ ನಾಲ್ಕು ಎರಡಾಗಿ, ಎರಡು ಒಂದಾಗಿ ಸೇರುವುದರಿಂದ ಮಧ್ಯದ ಆರ್‌ಪಿಎಂನಲ್ಲಿ ಸಹಾಯ ಜಾಸ್ತಿ. ನಮಗೆ ಬೇಕಾದದ್ದು ಅದೇ ಜಾಗ ಅಲ್ವಾ? ಎಕ್ಸಾಸ್ಟ್‌ಗೆ ಹಿಂದೊತ್ತಡ ಇದ್ದರೇನೇ ಟಾರ್ಕ್ ಅಂತ ಯಾರಾದರೂ ಹೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಿರಿ. ಬೇಕಾದದ್ದು ಹೊಗೆಯ ವೇಗ, ಒತ್ತಡ ಅಲ್ಲ. ಅತಿ ದಪ್ಪ ಕೊಳವೆ ಹಾಕಿದರೆ ಆ ವೇಗ ಸಾಯುತ್ತದೆ. 200 ಅಶ್ವಶಕ್ತಿಗೆ ಎರಡೂವರೆ ಇಂಚು ಧಾರಾಳವಾಗಿ ಸಾಕು.

ಕೊಳವೆಗಳು ಸಮ ಉದ್ದವೋ ಅಸಮ ಉದ್ದವೋ ಅನ್ನುವುದು ಹೆಚ್ಚಿನ ಮಟ್ಟಿಗೆ ಸದ್ದಿನ ಪ್ರಶ್ನೆ. ಅಸಮ ಇದ್ದರೆ ಹಳೆಯ ಸುಬಾರು ಕಾರುಗಳ ಗುಡುಗುಡು ಬರುತ್ತದೆ. ಎಳೆತ ಬೇಕಿದ್ದರೆ ಸಮ ಉದ್ದದ್ದೇ ಆರಿಸಿ.

ಕ್ಯಾಟ್ ತೆಗೆಯುವ ಬಗ್ಗೆ ಬೇಡ ಅಂತಲೇ ಹೇಳುತ್ತೇನೆ. ಬಹಳಷ್ಟು ದೇಶಗಳಲ್ಲಿ ರಸ್ತೆ ಮೇಲಿನ ಕಾರಿಗೆ ಅದು ಕಾನೂನುಬಾಹಿರ. ಕಾನೂನು ಪಕ್ಕಕ್ಕಿಟ್ಟರೂ, ಸಿಗ್ನಲ್‌ನಲ್ಲಿ ನಿಂತಾಗ ಗಾಜು ಇಳಿಸಿದರೆ ಒಳಗೆಲ್ಲ ಹಸಿ ಪೆಟ್ರೋಲ್ ವಾಸನೆ. ಬಟ್ಟೆಗೂ ಅಂಟುತ್ತದೆ. ಚೆಕ್ ಇಂಜಿನ್ ದೀಪ ಹತ್ತಿ, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಕೂರುತ್ತದೆ. ಈ ಕಾರಿನಲ್ಲಿ ಮೊದಲ ಕ್ಯಾಟ್ ಹೆಡರ್‌ನ ಒಳಗೇ ಇದೆ, ಎರಡನೆಯದು ಅದರ ಮುಂದಿನ ಪೈಪಿನಲ್ಲಿ. ಹೈ ಫ್ಲೋ ಕ್ಯಾಟ್ (ಹೊಗೆಗೆ ತಡೆ ಕಡಿಮೆ ಇರುವುದು) ಇರುವ ಹೆಡರ್ ತಗೊಂಡು, ಎರಡನೇ ಕ್ಯಾಟ್ ಹಾಗೇ ಬಿಡಿ. ನಾನು ಕೊನೆಗೆ ನಿಂತದ್ದು ಅಲ್ಲಿಗೇ: 4-2-1, ಸಮ ಉದ್ದ, ಚದರ ಇಂಚಿಗೆ 200 ಕಿಂಡಿಯ ಕ್ಯಾಟ್. ಕಳೆದುಕೊಂಡ ಶಕ್ತಿ ನನ್ನ ಬೆನ್ನಿಗಂತೂ ಗೊತ್ತಾಗಲಿಲ್ಲ. ಆದರೂ ಇಂಥದ್ದಕ್ಕೂ ನಿಮ್ಮಲ್ಲಿ ಅನುಮತಿ ಬೇಕಾ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಟ್ಯೂನಿಂಗ್ ಬೇಕೇ ಬೇಕು. ಕ್ಯಾಮ್ (ಕವಾಟ ತೆರೆಯುವ ದಂಡ) ಯಾವಾಗ ಎಷ್ಟು ತಿರುಗಬೇಕು, ಕಿಡಿ ಯಾವಾಗ ಹಾರಬೇಕು ಅನ್ನುವುದೆಲ್ಲ ಹಳೆಯ ಹೆಡರ್‌ಗೆ ಬರೆದದ್ದು. ಇಂಜಿನ್‌ನ ಕಂಪ್ರೆಷನ್ (ಒಳಗಿನ ಗಾಳಿ ಹಿಂಡುವ ಪ್ರಮಾಣ) 12.5, ಅಡ್ಡಾದಿಡ್ಡಿ ಮ್ಯಾಪ್ (ಕಂಪ್ಯೂಟರಿನ ಆ ಲೆಕ್ಕದ ಪಟ್ಟಿ) ಹಾಕಿದರೆ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗೇ ಸಿಡಿಯುವುದು, ಶುರುವಾಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಇನ್ನೊಂದು ಗಂಟಿದೆ. ಇಂಜಿನ್ ಕಂಪ್ಯೂಟರ್ "ನಾನೀಗ ಇಷ್ಟು ಟಾರ್ಕ್ ಕೊಡುತ್ತಿದ್ದೇನೆ" ಅಂತ ಗೇರ್‌ಬಾಕ್ಸ್‌ಗೆ ಹೇಳುತ್ತಲೇ ಇರುತ್ತದೆ. ಗೇರ್‌ಬಾಕ್ಸ್ ಅದನ್ನು ನಂಬಿ ಒಳಗಿನ ಕ್ಲಚ್‌ಗಳಿಗೆ ಎಣ್ಣೆಯ ಒತ್ತಡ ಕೊಡುತ್ತದೆ. ನಿಜವಾದ ಟಾರ್ಕ್ ಒಂದು, ಹೇಳಿದ್ದು ಇನ್ನೊಂದು ಆದರೆ ಗೇರ್ ಬದಲಾಗುವಾಗ ಜಾರುವುದು ಇಲ್ಲವೇ ಧಡ್ ಅಂತ ಹೊಡೆಯುವುದು ಶುರು. ನನ್ನ ಟ್ಯೂನರ್ ಗೇರ್‌ಬಾಕ್ಸ್ ಕಂಪ್ಯೂಟರ್ ಮುಟ್ಟಲೇ ಇಲ್ಲ, ಇಂಜಿನ್ ಮ್ಯಾಪಿನ ಟಾರ್ಕ್ ಟೇಬಲ್ ಮತ್ತು ಪೆಡಲ್ ಟೇಬಲ್ ಸರಿ ಮಾಡಿದರು. ಅಷ್ಟಕ್ಕೇ 4ನೇ ಗೇರಿಗೆ ಇಳಿದಾಗ ಕಾರು ಎಳೆಯತೊಡಗಿತು, 3ಕ್ಕೆ ಇಳಿಯುವ ಅಗತ್ಯವೇ ಕಡಿಮೆಯಾಯಿತು. ಮ್ಯಾನುಯಲ್ ಕಾರಿನ ಮ್ಯಾಪನ್ನೇ ತಂದು ಸುರಿಯುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

ಗೇರ್‌ಬಾಕ್ಸ್ ತಡೆಯುತ್ತದಾ ಅಂದಿರಿ. ತಡೆಯುತ್ತದೆ. ಟರ್ಬೊ ಇಲ್ಲದ ಇಂಜಿನ್‌ಗೆ ಹೆಡರ್ ಹಾಕಿದರೆ ಏರುವ ಟಾರ್ಕ್ ಅದನ್ನು ಮುರಿಯುವಷ್ಟು ದೊಡ್ಡದಲ್ಲ. ಅದಕ್ಕೆ ನಿಜವಾದ ಶತ್ರು ಬಿಸಿ. ಹಾಗಾಗಿ ಹೆಡರ್ ಮೇಲಿನ, ಪೈಪ್ ಮೇಲಿನ ತಗಡಿನ ಶಾಖ ತಡೆಗಳನ್ನು ಮತ್ತೆ ಹಾಕಿದ್ದಾರಾ ಅಂತ ಬಗ್ಗಿ ನೋಡಿ. ಕೆಲವರು ಗಲಗಲ ಸದ್ದು ಬರುತ್ತದೆ ಅಂತ ಮೂಲೆಗೆ ಎಸೆದುಬಿಡುತ್ತಾರೆ. ಗೇರ್‌ಬಾಕ್ಸ್‌ನ ಎಟಿಎಫ್ ಎಣ್ಣೆ ಹಳೆಯದಾಗಿದ್ದರೆ ಇದೇ ನೆಪದಲ್ಲಿ ಬದಲಿಸಿ.

ಗೆಳೆಯರ ನಗುವಿಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಅಮೆರಿಕದ 2017ರ ಮಾಡೆಲ್‌ನಲ್ಲಿ ಕಂಪನಿಯೇ ಮ್ಯಾನುಯಲ್‌ಗೆ 205 ಅಶ್ವಶಕ್ತಿ ಕೊಟ್ಟು ಆಟೋಮ್ಯಾಟಿಕ್ಕನ್ನು 200ರಲ್ಲೇ ಬಿಟ್ಟಿತ್ತು, ಹಾಗಾಗಿ ಈ ಮಲತಾಯಿ ಧೋರಣೆ ಹೊಸದಲ್ಲ. ಹಳ್ಳ ನಿಜವಾಗಿ ಮುಚ್ಚಿದ್ದು 2.4 ಲೀಟರ್ ಇಂಜಿನ್‌ನ ಹೊಸ ಪೀಳಿಗೆಯಲ್ಲಿ, ಅದರ ಗರಿಷ್ಠ ಟಾರ್ಕ್ ಸುಮಾರು 250, ಅದೂ 3,700ಕ್ಕೇ. ಹೆಡರ್, ಟ್ಯೂನಿಂಗ್, ಸೈಲೆನ್ಸರ್ ಮೂರರ ಖರ್ಚನ್ನೂ ಕೂಡಿಸಿ, ಕಾರು ಬದಲಿಸುವ ವ್ಯತ್ಯಾಸದ ಜೊತೆ ಒಮ್ಮೆ ಹೋಲಿಸಿ ನೋಡಿ.

ಹಾಕಿಸುವ ದಿನದ ಬಗ್ಗೆ ಸ್ವಲ್ಪ. ಬಾಕ್ಸರ್ (ಸಿಲಿಂಡರ್‌ಗಳು ಎರಡೂ ಬದಿಗೆ ಮಲಗಿರುವ) ಇಂಜಿನ್ ಆದ್ದರಿಂದ ಹೆಡರ್ ಅಡಿಯಲ್ಲಿದೆ, ಕೈಗೆ ಸಿಗುತ್ತದೆ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಆಕ್ಸಿಜನ್ ಸೆನ್ಸರ್‌ಗೆ 22 ಮಿ.ಮೀ. ಸೀಳು ಸಾಕೆಟ್ ಬೇಕು. ನಾನು ಸಾಮಾನ್ಯ ಸ್ಪ್ಯಾನರ್‌ನಲ್ಲೇ ತಿರುಗಿಸಲು ಹೋಗಿ ಸೆನ್ಸರ್‌ನ ಅಂಚು ಸವೆಸಿ ಅರ್ಧ ದಿನ ಹಾಳು ಮಾಡಿಕೊಂಡೆ. ಗ್ಯಾಸ್ಕೆಟ್ ಹೊಸದೇ ಹಾಕಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಸ ಕೊಳವೆಯಿಂದ ಸ್ವಲ್ಪ ಹೊಗೆ ಬರುತ್ತದೆ, ಅದು ಕೈಯ ಜಿಡ್ಡು ಸುಡುವುದು, ಗಾಬರಿ ಬೇಡ. ತಣ್ಣಗಿರುವಾಗ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ನಿಂತರೆ ಮಾತ್ರ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮುಂದಿನ ಸೆನ್ಸರ್‌ಗಿಂತ ಮೊದಲು ಸೋರಿದರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರ್ ಸುಳ್ಳು ಹೇಳುತ್ತದೆ, ಇಂಜಿನ್ ಸುಮ್ನೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಅದು ಸರಿಯಾಗದೆ ಟ್ಯೂನಿಂಗ್‌ಗೆ ಕೂರಬೇಡಿ. ನಾಲ್ಕೈದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ನನ್ನ ಕಾರಿನಲ್ಲಿ ಎರಡು ನಟ್ಟು ಕಾಲು ಸುತ್ತು ತಿರುಗಿದವು.